ಸಾವನದುರ್ಗಕ್ಕೆ ಡೇವಿಡ್ ಲೀನ್‌ರನ್ನು ಕರೆತಂದ ನಿರ್ಮಾಪಕ ಲಾರ್ಡ್ ಬ್ರೇಬೋರ್ನ್: ಬದುಕು, ಮನೆತನ, ಸಿನಿಮಾ — ಪದೇ ಪದೇ ಕೇಳುವ ಪ್ರಶ್ನೆಗಳು

ಮಾಗಡಿ ಕಡೆಯವರನ್ನು ಕೇಳಿದರೆ ಸಾವನದುರ್ಗದಲ್ಲಿ ಹಿಂದೊಮ್ಮೆ ಇಂಗ್ಲಿಷ್ ಸಿನಿಮಾ ಶೂಟಿಂಗ್ ನಡೆದಿತ್ತು ಎನ್ನುತ್ತಾರೆ. ಸಿನಿಮಾ ಓದಿಕೊಂಡವರು ಅದು ‘ಎ ಪ್ಯಾಸೇಜ್ ಟು ಇಂಡಿಯಾ’, ನಿರ್ದೇಶಕ ಡೇವಿಡ್ ಲೀನ್ ಎಂದೂ ಹೇಳುತ್ತಾರೆ. ಆದರೆ ಆ ಚಿತ್ರಕ್ಕಾಗಿ ವರ್ಷಗಟ್ಟಲೆ ಕಾದು, ಕಥೆಯ ಹಕ್ಕು ಪಡೆದು, ಲೀನ್‌ರನ್ನು ಒಪ್ಪಿಸಿದ ನಿರ್ಮಾಪಕರ ಹೆಸರು ಹೇಳುವವರು ಕಡಿಮೆ. ಅವರ ಬಗ್ಗೆ ಕನ್ನಡದಲ್ಲಿ ಹುಡುಕುವವರಿಗಾಗಿ ಈ ಪ್ರಶ್ನೋತ್ತರ.

ಜಾನ್ ಬ್ರೇಬೋರ್ನ್ ಯಾರು?

ಪೂರ್ತಿ ಹೆಸರು ಜಾನ್ ಯೂಲಿಕ್ ನ್ಯಾಚ್‌ಬುಲ್, ಏಳನೇ ಬ್ಯಾರನ್ ಬ್ರೇಬೋರ್ನ್ (ಬ್ಯಾರನ್ ಎಂದರೆ ವಂಶಪಾರಂಪರ್ಯವಾಗಿ ಬರುವ ಬ್ರಿಟಿಷ್ ಕುಲೀನ ಬಿರುದು). ಹುಟ್ಟಿದ್ದು 1924ರ ನವೆಂಬರ್ 9ರಂದು, ತೀರಿಕೊಂಡದ್ದು 2005ರ ಸೆಪ್ಟೆಂಬರ್ 23ರಂದು. ಬ್ರಿಟಿಷ್ ಚಿತ್ರರಂಗದಲ್ಲಿ ಸುಮಾರು ಮೂರು ದಶಕ ಕಾಲ ನಿರ್ಮಾಪಕರಾಗಿದ್ದರು. ‘ಸಿಂಕ್ ದಿ ಬಿಸ್ಮಾರ್ಕ್’, ಜೆಫಿರೆಲ್ಲಿಯ ‘ರೋಮಿಯೋ ಅಂಡ್ ಜೂಲಿಯಟ್’, ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’, ‘ಡೆತ್ ಆನ್ ದಿ ನೈಲ್’, ‘ಎ ಪ್ಯಾಸೇಜ್ ಟು ಇಂಡಿಯಾ’, ‘ಲಿಟಲ್ ಡೋರಿಟ್’ ಇವೆಲ್ಲದರ ಹಿಂದೆ ಅವರಿದ್ದರು.

ಪತ್ರಿಕೆಗಳು ಮಾತ್ರ ಅವರನ್ನು ಯಾವಾಗಲೂ ‘ಮೌಂಟ್‌ಬ್ಯಾಟನ್‌ರ ಅಳಿಯ’ ಎಂದೇ ಪರಿಚಯಿಸುತ್ತಿದ್ದವು. ಅದು ಸುಳ್ಳಲ್ಲ. ಆದರೆ ಮೇಲಿನ ಪಟ್ಟಿ ನೋಡಿದ ಮೇಲೂ ಅಷ್ಟಕ್ಕೇ ನಿಲ್ಲಿಸುವುದು ಅವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂಬೈನ ಬ್ರೇಬೋರ್ನ್ ಕ್ರೀಡಾಂಗಣಕ್ಕೂ ಇವರಿಗೂ ಏನಾದರೂ ಸಂಬಂಧವಿದೆಯೇ?

ನೇರ ಸಂಬಂಧ. ಕ್ರೀಡಾಂಗಣಕ್ಕಿರುವುದು ಇವರ ತಂದೆಯ ಹೆಸರು. ಐದನೇ ಬ್ಯಾರನ್ ಬ್ರೇಬೋರ್ನ್ ಆಗಿದ್ದ ಮೈಕೆಲ್ ನ್ಯಾಚ್‌ಬುಲ್ 1933ರ ಡಿಸೆಂಬರ್‌ನಿಂದ 1937ರ ಮೇ ತನಕ ಬಾಂಬೆ ಪ್ರಾಂತ್ಯದ ಗವರ್ನರ್ ಆಗಿದ್ದರು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಆಶ್‌ಫರ್ಡ್ ಕ್ಷೇತ್ರದ ಸಂಸದರು.

ಕ್ರೀಡಾಂಗಣ ಹುಟ್ಟಿದ ಕಥೆಯನ್ನು ಕ್ರಿಕೆಟ್ ವಲಯದಲ್ಲಿ ಇವತ್ತಿಗೂ ಹೇಳುತ್ತಾರೆ. ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾಕ್ಕೆ ಸ್ವಂತ ಮೈದಾನ ಬೇಕಿತ್ತು. ಸಮುದ್ರ ತುಂಬಿಸಿ ಮಾಡಿದ ಬ್ಯಾಕ್‌ಬೇ ಜಾಗ ಸರ್ಕಾರದ ಕೈಯಲ್ಲಿತ್ತು. ಕ್ಲಬ್ಬಿನ ಕಾರ್ಯದರ್ಶಿ ಆಂಥೊನಿ ಡಿ ಮೆಲ್ಲೊ ಗವರ್ನರ್ ಬಳಿ ಹೋಗಿ, ಕ್ರೀಡಾಪಟುಗಳಿಂದ ಸರ್ಕಾರಕ್ಕೆ ಹಣ ಬೇಕೋ, ತಮಗೆ ಅಮರತ್ವ ಬೇಕೋ ಎಂದು ಕೇಳಿದರಂತೆ. ಗವರ್ನರ್ ಅಮರತ್ವ ಆರಿಸಿಕೊಂಡರು. 90,000 ಚದರ ಗಜ ಜಾಗ ಗಜಕ್ಕೆ ಹದಿಮೂರೂವರೆ ರೂಪಾಯಿಯಂತೆ ಕ್ಲಬ್ಬಿಗೆ ಸಿಕ್ಕಿತು. 1936ರ ಮೇ ತಿಂಗಳಲ್ಲಿ ಅಡಿಗಲ್ಲು ಇಟ್ಟವರೂ ಅವರೇ. 1937ರ ಡಿಸೆಂಬರ್‌ನಲ್ಲಿ ಮೈದಾನ ಉದ್ಘಾಟನೆಯಾಗುವ ಹೊತ್ತಿಗೆ ಅವರು ಕಲ್ಕತ್ತೆಗೆ ಹೋಗಿಯಾಗಿತ್ತು. ಅಂದಹಾಗೆ, ಮೈಕೆಲ್‌ರ ತಂದೆ, ಅಂದರೆ ನಮ್ಮ ನಿರ್ಮಾಪಕರ ಅಜ್ಜ ಸೆಸಿಲ್, ಕೆಂಟ್ ಕೌಂಟಿಯ ಪರ ಕ್ರಿಕೆಟ್ ಆಡಿದ್ದವರು.

ಹಾಗಾದರೆ ಅವರ ತಂದೆ ನಮ್ಮ ಕನ್ನಡ ಜಿಲ್ಲೆಗಳಿಗೂ ಗವರ್ನರ್ ಆಗಿದ್ದರೇ?

ಹೌದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಅಂಕೋಲಾ, ಸಿದ್ದಾಪುರ ಸೀಮೆಯಲ್ಲಿ ಕರನಿರಾಕರಣೆ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ತೆರಿಗೆ ಕಟ್ಟದೆ ಜಮೀನು ಕಳೆದುಕೊಂಡ ರೈತ ಕುಟುಂಬಗಳ ಎದುರಿಗೆ ಸರ್ಕಾರದ ಪರವಾಗಿ ಕೊನೆಯ ಸಹಿ ಇದ್ದದ್ದು ಗವರ್ನರ್‌ರದ್ದು. ಮನೆತನದ ಬಗ್ಗೆ ಹೇಳುವಾಗ ಕ್ರೀಡಾಂಗಣದ ಕಥೆಯನ್ನಷ್ಟೇ ಹೇಳಿ ಇದನ್ನು ಬಿಡುವುದು ಸರಿಯಲ್ಲ.

1937ರ ನವೆಂಬರ್‌ನಲ್ಲಿ ಅವರು ಬಂಗಾಳದ ಗವರ್ನರ್ ಆದರು. ಮರುವರ್ಷ ವೈಸ್‌ರಾಯ್ ಲಿನ್ಲಿತ್‌ಗೋ ರಜೆ ಮೇಲೆ ಹೋದಾಗ ಕೆಲವು ತಿಂಗಳು ಹಂಗಾಮಿ ವೈಸ್‌ರಾಯ್ ಕೂಡ ಆಗಿದ್ದರು. 1939ರ ಫೆಬ್ರವರಿ 23ರಂದು, ಅಧಿಕಾರದಲ್ಲಿದ್ದಾಗಲೇ, ಕಲ್ಕತ್ತೆಯಲ್ಲಿ ತೀರಿಕೊಂಡರು. ವಯಸ್ಸು 43. ಕಿರಿಯ ಮಗ ಜಾನ್‌ಗೆ ಆಗ 14. ಕೋಲ್ಕತ್ತಾದ ಬ್ರೇಬೋರ್ನ್ ರಸ್ತೆಗೆ ಅವರ ಹೆಸರೇ ಉಳಿದಿದೆ. ಅದೇ ವರ್ಷ ಶುರುವಾದ ಲೇಡಿ ಬ್ರೇಬೋರ್ನ್ ಕಾಲೇಜಿಗೆ ಅವರ ಪತ್ನಿ ಡೊರೀನ್ ಹೆಸರಿಟ್ಟರು.

ನ್ಯಾಚ್‌ಬುಲ್ ಮನೆತನ ಎಲ್ಲಿಯದು? ಬ್ರೇಬೋರ್ನ್ ಎಂಬುದು ಏನು?

ಮನೆತನದ ಹೆಸರು ನ್ಯಾಚ್‌ಬುಲ್. ಬ್ರೇಬೋರ್ನ್ ಅವರ ಬಿರುದು. ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ಆಶ್‌ಫರ್ಡ್ ಬಳಿಯ ಒಂದು ಹಳ್ಳಿಯ ಹೆಸರು ಅದು. ಸ್ವಲ್ಪ ದೂರದ ಮರ್ಷಮ್ ಎಂಬಲ್ಲಿ ಇವರ ಜಮೀನು, ಮನೆ. ಹದಿನೈದನೇ ಶತಮಾನದಿಂದ ಈ ಕುಟುಂಬ ಅಲ್ಲೇ ಬೇರುಬಿಟ್ಟಿದೆ. 1641ರಲ್ಲಿ ಬ್ಯಾರನ್‌ಗಿಂತ ಕೆಳಗಿನ ಬ್ಯಾರನೆಟ್ ಪದವಿ, 1880ರಲ್ಲಿ ಬ್ಯಾರನ್ ಪದವಿ ಬಂತು. ಮೊದಲ ಬ್ಯಾರನ್ ಎಡ್ವರ್ಡ್, ಪ್ರಧಾನಿ ಗ್ಲ್ಯಾಡ್‌ಸ್ಟನ್‌ರ ಸರ್ಕಾರದಲ್ಲಿ ಕೆಲಸ ಮಾಡಿದ ರಾಜಕಾರಣಿ. ಬಿಡುವಿನಲ್ಲಿ ಮಕ್ಕಳಿಗಾಗಿ ಯಕ್ಷಿಣಿ ಕಥೆಗಳನ್ನೂ ಬರೆಯುತ್ತಿದ್ದರು.

ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಇವರಿಗೆ ಸಂಬಂಧಿ ಎನ್ನುತ್ತಾರೆ. ನಿಜವೇ?

ನಿಜ. ಜೇನ್ ಆಸ್ಟಿನ್‌ರ ಅಣ್ಣ ಎಡ್ವರ್ಡ್‌ನನ್ನು ಕೆಂಟ್‌ನ ಗಾಡ್‌ಮರ್ಷಮ್ ಜಮೀನ್ದಾರರಾದ ನೈಟ್ ದಂಪತಿ ದತ್ತು ತೆಗೆದುಕೊಂಡಿದ್ದರು. ಅವನ ಹಿರಿ ಮಗಳು ಫ್ಯಾನಿ. ಈ ಅಣ್ಣನ ಮಗಳೆಂದರೆ ಜೇನ್‌ಗೆ ಪ್ರಾಣ. ತನ್ನ ಒಡಹುಟ್ಟಿದ ತಂಗಿಯಂತೆ ಎಂದು ಪತ್ರದಲ್ಲೇ ಬರೆದಿದ್ದಳು. ಫ್ಯಾನಿ 1820ರಲ್ಲಿ ಸರ್ ಎಡ್ವರ್ಡ್ ನ್ಯಾಚ್‌ಬುಲ್‌ರನ್ನು ಮದುವೆಯಾಗಿ ಮರ್ಷಮ್‌ಗೆ ಬಂದಳು. ಅವಳ ಮಗನೇ ಮೇಲೆ ಹೇಳಿದ ಮೊದಲ ಬ್ಯಾರನ್.

ಫ್ಯಾನಿ ಜೋಪಾನ ಮಾಡಿದ್ದ ಜೇನ್‌ರ ಪತ್ರಗಳ ಕಟ್ಟು ಅವಳ ಸಾವಿನ ನಂತರ ಮಗನ ಕೈಗೆ ಸಿಕ್ಕಿತು. 1884ರಲ್ಲಿ ಆತ ಅವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಆಸ್ಟಿನ್‌ರ ಖಾಸಗಿ ದನಿ ಲೋಕಕ್ಕೆ ದೊಡ್ಡ ಪ್ರಮಾಣದಲ್ಲಿ ಕೇಳಿಸಿದ್ದು ಹಾಗೆ. ಲೆಕ್ಕ ಹಾಕಿದರೆ ಫ್ಯಾನಿ ನಮ್ಮ ನಿರ್ಮಾಪಕರ ಮುತ್ತಾತನ ತಾಯಿ. ಕಥೆಗಳನ್ನು, ಅದರಲ್ಲೂ ಹಳೆಯ ಇಂಗ್ಲಿಷ್ ಕಥೆಗಳನ್ನು ಪ್ರೀತಿಸುವುದು ಆ ಮನೆಗೆ ಹೊಸದೇನಲ್ಲ.

ಅವರು ಕಿರಿಯ ಮಗ. ಹಾಗಿದ್ದರೂ ಬಿರುದು ಹೇಗೆ ಬಂತು?

ಯುದ್ಧದಿಂದ. ತಂದೆ ತೀರಿಕೊಂಡಾಗ ಬಿರುದು ಅಣ್ಣ ನಾರ್ಟನ್‌ಗೆ ಹೋಗಿತ್ತು. ಗ್ರೆನೆಡಿಯರ್ ಗಾರ್ಡ್ಸ್‌ನ ಅಧಿಕಾರಿಯಾಗಿದ್ದ ನಾರ್ಟನ್ 1943ರಲ್ಲಿ ಇಟಲಿಯಲ್ಲಿ ಸೆರೆಸಿಕ್ಕಿದರು. ಯುದ್ಧಕೈದಿಗಳನ್ನು ಸಾಗಿಸುತ್ತಿದ್ದ ರೈಲಿನಿಂದ ತಪ್ಪಿಸಿಕೊಂಡರೂ ಮತ್ತೆ ಸಿಕ್ಕಿಬಿದ್ದರು. ಸೆಪ್ಟೆಂಬರ್ 15ರಂದು ನಾಜಿಗಳ ಎಸ್‌ಎಸ್ ಪಡೆ ಅವರನ್ನು ಗುಂಡಿಟ್ಟು ಕೊಂದಿತು. ವಯಸ್ಸು 21. ಹದಿನೆಂಟರ ಜಾನ್ ಏಳನೇ ಬ್ಯಾರನ್ ಆದರು.

ಈ ಮನೆತನದಲ್ಲಿ ಬಿರುದು ಹೀಗೆ ಯುದ್ಧಭೂಮಿಯಿಂದ ಕೈ ಬದಲಿಸಿದ್ದು ಅದು ಎರಡನೇ ಸಲ. ಮೂರನೇ ಬ್ಯಾರನ್ ವಿಂಡಮ್ 1915ರಲ್ಲಿ ಫ್ರಾನ್ಸಿನ ನೋವ್ ಶಾಪೆಲ್ ಕದನದಲ್ಲಿ ಸತ್ತಾಗ ಅದು ಚಿಕ್ಕಪ್ಪ ಸೆಸಿಲ್‌ಗೆ ಬಂದಿತ್ತು. ಆ ಸಾವು ಆಗದೇ ಇದ್ದಿದ್ದರೆ ಬಿರುದು ಇವರ ಕವಲಿಗೆ ಬರದೆಯೂ ಇರಬಹುದಿತ್ತು.

ಓದು, ಸೇನೆ?

ಈಟನ್ ಶಾಲೆ, ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜು. ಯುದ್ಧದಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಸೇರಿ ಫ್ರಾನ್ಸಿನಲ್ಲಿದ್ದರು. ಆಮೇಲೆ ಏಷ್ಯಾಕ್ಕೆ ಬಂದರು.

ಮೌಂಟ್‌ಬ್ಯಾಟನ್‌ರ ಅಳಿಯ ಆದದ್ದು ಹೇಗೆ?

ಆಗ್ನೇಯ ಏಷ್ಯಾದ ಮಿತ್ರಪಡೆಗಳ ಸುಪ್ರೀಂ ಕಮಾಂಡರ್ ಆಗಿದ್ದ ಲಾರ್ಡ್ ಲೂಯಿ ಮೌಂಟ್‌ಬ್ಯಾಟನ್‌ಗೆ ಜಾನ್ ಎಡಿಸಿ, ಅಂದರೆ ಆಪ್ತ ಸೇನಾ ಸಹಾಯಕರಾಗಿದ್ದರು. ಮೌಂಟ್‌ಬ್ಯಾಟನ್‌ರ ಹಿರಿ ಮಗಳು ಪೆಟ್ರೀಷಿಯಾ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಕೆಳದರ್ಜೆಯ ಸಿಗ್ನಲ್ ಕೆಲಸದಿಂದ ಶುರುಮಾಡಿ ಅಧಿಕಾರಿಯಾಗಿ ಅದೇ ಪ್ರಧಾನ ಕಚೇರಿಗೆ ಬಂದಿದ್ದರು. ಪರಿಚಯ ಅಲ್ಲೇ ಆಯಿತು.

1946ರ ಅಕ್ಟೋಬರ್ 26ರಂದು ಹ್ಯಾಂಪ್‌ಶೈರ್‌ನ ರಾಮ್ಸೀ ಅಬ್ಬೆಯಲ್ಲಿ ಮದುವೆ. ಮದುಮಗಳ ಸಖಿಯರಲ್ಲಿ ರಾಜಕುಮಾರಿ ಎಲಿಜಬೆತ್, ಅವರ ತಂಗಿ ಮಾರ್ಗರೆಟ್ ಇದ್ದರು. ಮೌಂಟ್‌ಬ್ಯಾಟನ್‌ರ ಅಕ್ಕನ ಮಗ ಫಿಲಿಪ್ ಕೂಡ ಇದ್ದರು. ಚರ್ಚಿನ ಬಾಗಿಲಲ್ಲಿ ಎಲಿಜಬೆತ್‌ರ ಕೋಟನ್ನು ಫಿಲಿಪ್ ತೆಗೆದುಕೊಳ್ಳುವ ಗಳಿಗೆ ಕ್ಯಾಮೆರಾದಲ್ಲಿ ಸೆರೆಯಾಯಿತು, ಇಬ್ಬರ ಬಗ್ಗೆ ಊರೆಲ್ಲ ಮಾತಾಡಿತು. ಮರುವರ್ಷ ಅವರ ಮದುವೆಯೂ ಆಯಿತು. ಮುಂದೆ ರಾಜಕುಮಾರ ಚಾರ್ಲ್ಸ್ ಹುಟ್ಟಿದಾಗ ಪೆಟ್ರೀಷಿಯಾ ಅವರ ಗಾಡ್‌ಮದರ್, ಅಂದರೆ ಧರ್ಮತಾಯಿ.

ಜಾನ್‌ರ ತಂದೆ ಹಂಗಾಮಿ ವೈಸ್‌ರಾಯ್, ಮಾವ ಕೊನೆಯ ವೈಸ್‌ರಾಯ್. ಬ್ರಿಟಿಷ್ ಭಾರತದ ಅತ್ಯುನ್ನತ ಕುರ್ಚಿಯಲ್ಲಿ ಕೂತವರು ಎರಡೂ ಕಡೆ ಇದ್ದ ಮನೆ ಅದು.

ಮಕ್ಕಳೆಷ್ಟು ಜನ?

ಎಂಟು ಮಕ್ಕಳು ಹುಟ್ಟಿದರು. 1952ರಲ್ಲಿ ಹುಟ್ಟಿದ ಮಗು ಅಂದೇ ತೀರಿಕೊಂಡಿತು. ಉಳಿದವರು ನಾರ್ಟನ್, ಮೈಕೆಲ್, ಜೊವಾನಾ, ಅಮಾಂಡಾ, ಫಿಲಿಪ್ ಮತ್ತು 1964ರಲ್ಲಿ ಹುಟ್ಟಿದ ಅವಳಿಗಳಾದ ನಿಕೊಲಸ್, ಟಿಮೊಥಿ. ಹಿರಿಯ ಮಗನಿಗೆ ಇಟ್ಟದ್ದು ಇಟಲಿಯಲ್ಲಿ ಸತ್ತ ಅಣ್ಣನ ಹೆಸರು.

ಸಿನಿಮಾಕ್ಕೆ ಹೇಗೆ ಬಂದರು?

ಬ್ಯಾರನ್ ಆಗಿದ್ದರೂ ಕೆಳಗಿನ ಮೆಟ್ಟಿಲಿನಿಂದಲೇ. ನಿರ್ಮಾಪಕ-ನಿರ್ದೇಶಕ ಹರ್ಬರ್ಟ್ ವಿಲ್‌ಕಾಕ್ಸ್ ಅವರ ಬಳಿ ಸಹಾಯಕರಾಗಿ ಸೇರಿ, ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಕಲಿತು, ಐವತ್ತರ ದಶಕದ ಬಹುಪಾಲನ್ನು ಅದೇ ಕೆಲಸದಲ್ಲಿ ಕಳೆದರು. ಊಟ, ಲಾರಿ, ಸೆಟ್ಟು, ದಿನದ ಲೆಕ್ಕ: ಒಂದು ಚಿತ್ರ ನಿಂತುಹೋಗದಂತೆ ನೋಡಿಕೊಳ್ಳುವ ಕೆಲಸ ಅದು. ನಿರ್ಮಾಪಕರಾಗಿ ಮೊದಲು ಗಮನ ಸೆಳೆದ ಚಿತ್ರ 1958ರ ‘ಹ್ಯಾರಿ ಬ್ಲ್ಯಾಕ್’. ಭಾರತದಲ್ಲಿ ನಡೆಯುವ ಹುಲಿಬೇಟೆಯ ಕಥೆ, ಚಿತ್ರೀಕರಣವೂ ಭಾರತದಲ್ಲೇ. ನಮ್ಮ ಐ.ಎಸ್. ಜೋಹರ್ ಅದರಲ್ಲಿನ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಚಿತ್ರಪ್ರಶಸ್ತಿಯ ನಾಮನಿರ್ದೇಶನ ಪಡೆದರು.

ಆ ಚಿತ್ರದ ಹೊತ್ತಿಗೆ ನಿರ್ಮಾಣದಲ್ಲಿ ಜೊತೆಯಾದವರು ರಿಚರ್ಡ್ ಗುಡ್ವಿನ್. ಈ ಜೋಡಿ ಮೂವತ್ತು ವರ್ಷ ಮುರಿಯಲಿಲ್ಲ.

ನಿರ್ಮಾಪಕ ಎಂದರೆ ದುಡ್ಡು ಹಾಕುವವರು ತಾನೇ? ಶ್ರೀಮಂತ ಮನೆತನ, ಹಾಕಿದ್ದಾರೆ.

ಗಾಂಧಿನಗರದ ಲೆಕ್ಕದಲ್ಲಿ ನೋಡಿದರೆ ಹಾಗನ್ನಿಸುವುದು ಸಹಜ. ನಮ್ಮಲ್ಲಿ ನಿರ್ಮಾಪಕ ಎಂದರೆ ಬಹುಮಟ್ಟಿಗೆ ಬಂಡವಾಳ ಹೂಡುವವರು, ಸಾಲ ತಂದು ಮೈಮೇಲೆ ಹಾಕಿಕೊಳ್ಳುವವರು. ಬ್ರೇಬೋರ್ನ್ ದುಡಿದ ವ್ಯವಸ್ಥೆ ಬೇರೆ. ಅಲ್ಲಿ ಹಣ ಇಎಂಐ, ಕೊಲಂಬಿಯಾದಂಥ ಚಿತ್ರ ಕಂಪನಿಗಳದ್ದು. ನಿರ್ಮಾಪಕರ ಕೆಲಸ ಕಥೆ ಹುಡುಕುವುದು, ಅದರ ಹಕ್ಕು ಪಡೆಯುವುದು, ಚಿತ್ರಕಥೆ ಬರೆಸುವುದು, ನಿರ್ದೇಶಕರನ್ನೂ ನಟರನ್ನೂ ಒಪ್ಪಿಸಿ ಆಮೇಲೆ ಈ ಕಂಪನಿಗಳ ಬಾಗಿಲು ತಟ್ಟುವುದು. ಚಿತ್ರ ಶುರುವಾಗುವ ಮೊದಲೇ ವರ್ಷಗಳು ಕಳೆದುಹೋಗುತ್ತವೆ. ಆ ವರ್ಷಗಳನ್ನು ಕಾಯುವ ತಾಳ್ಮೆ ಬ್ರೇಬೋರ್ನ್‌ಗೆ ಇತ್ತು. ಅವರ ನಿಜವಾದ ಬಂಡವಾಳ ಅದೇ.

ಇನ್ನೊಂದು ಮಾತು. ಸೋಲಬಹುದು ಎಂದು ಎಲ್ಲರೂ ಹಿಂದೆಗೆಯುವ ಚಿತ್ರಗಳನ್ನೂ ಅವರು ಮಾಡಿದರು. ಲಾರೆನ್ಸ್ ಒಲಿವಿಯರ್ ರಂಗದ ಮೇಲೆ ಆಡುತ್ತಿದ್ದ ‘ಒಥೆಲೊ’ವನ್ನು 1965ರಲ್ಲಿ ಚಿತ್ರ ಮಾಡಿಸಿಟ್ಟರು, ಅದರ ನಾಲ್ವರು ಕಲಾವಿದರಿಗೂ ಆಸ್ಕರ್ ನಾಮನಿರ್ದೇಶನ ಬಂತು. ರಾಯಲ್ ಬ್ಯಾಲೆ ನರ್ತಕರು ಇಲಿ, ಕಪ್ಪೆ, ಹಂದಿಮರಿಗಳ ಮುಖವಾಡ ತೊಟ್ಟು ಕುಣಿಯುವ, ಒಂದೂ ಮಾತಿಲ್ಲದ ‘ಟೇಲ್ಸ್ ಆಫ್ ಬಿಯಾಟ್ರಿಕ್ಸ್ ಪಾಟರ್’ (1971) ಅವರದೇ. ಲಂಡನ್ನಿನ ಕೂಲಿ ಹುಡುಗಿಯರ ಬದುಕಿನ ‘ಅಪ್ ದಿ ಜಂಕ್ಷನ್’ (1968) ಕೂಡ ಅವರದೇ.

ಮಾವನ ಪ್ರಭಾವ ಬಳಸಿಕೊಂಡರು ಎಂಬ ಮಾತಿದೆಯಲ್ಲ?

ಬಳಸಿಕೊಂಡರು, ಅನುಮಾನ ಬೇಡ. 1960ರ ‘ಸಿಂಕ್ ದಿ ಬಿಸ್ಮಾರ್ಕ್’ ಎರಡನೇ ಮಹಾಯುದ್ಧದ ನೌಕಾ ಕಾಳಗದ ಚಿತ್ರ. ಮೌಂಟ್‌ಬ್ಯಾಟನ್ ಆಗ ಬ್ರಿಟಿಷ್ ರಕ್ಷಣಾ ಪಡೆಗಳ ಮುಖ್ಯಸ್ಥರು. ನೌಕಾ ಇಲಾಖೆಯ ಪೂರ್ಣ ಸಹಕಾರ ಸಿಕ್ಕಿತು. ಗುಜರಿಗೆ ಹೋಗಲಿದ್ದ ಬ್ರಿಟನ್ನಿನ ಕೊನೆಯ ಯುದ್ಧನೌಕೆ ‘ವ್ಯಾನ್‌ಗಾರ್ಡ್’ ಮೇಲೆ ಚಿತ್ರೀಕರಣ ಮಾಡಲು ಸಾಧ್ಯವಾಯಿತು. ಆ ಫಿರಂಗಿ ಗೋಪುರಗಳು ತಿರುಗುವುದನ್ನು ನೋಡಿದರೆ ಅದು ಮಾದರಿಯಲ್ಲ, ನಿಜವಾದ ಉಕ್ಕು ಎಂದು ಕಣ್ಣಿಗೇ ತಿಳಿಯುತ್ತದೆ.

ಆದರೆ ಬಾಗಿಲು ತೆರೆಸುವುದು ಒಂದು, ಒಳಗೆ ಹೋಗಿ ಕೆಲಸ ಮಾಡಿ ತೋರಿಸುವುದು ಇನ್ನೊಂದು. ‘ರೋಮಿಯೋ ಅಂಡ್ ಜೂಲಿಯಟ್’ಗೆ ಹದಿಹರೆಯದ ಹೊಸಬರನ್ನು ಹಾಕಿಕೊಂಡು ಗೆದ್ದದ್ದರಲ್ಲಿ ಯಾವ ಮಾವನ ಕೈಯೂ ಇರಲಿಲ್ಲ. ಆಂಥೊನಿ ಹ್ಯಾವ್‌ಲಾಕ್-ಆಲನ್ ಜೊತೆ ನಿರ್ಮಿಸಿದ ಆ ಚಿತ್ರ ಶ್ರೇಷ್ಠ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಛಾಯಾಗ್ರಹಣ, ವಸ್ತ್ರವಿನ್ಯಾಸದ ಪ್ರಶಸ್ತಿ ಗೆದ್ದಿತು.

ಅಗಾಥಾ ಕ್ರಿಸ್ಟಿಯನ್ನು ಒಪ್ಪಿಸಿದ್ದು ಹೇಗೆ?

ತನ್ನ ಕಾದಂಬರಿಗಳನ್ನು ಸಿನಿಮಾದವರು ಕೆಡಿಸುತ್ತಾರೆ ಎಂದು ಕ್ರಿಸ್ಟಿಗೆ ಬೇಸರವಿತ್ತು. ಅರವತ್ತರ ದಶಕದಲ್ಲಿ ಬಂದ ಚಿತ್ರಗಳನ್ನು ನೋಡಿದ ಮೇಲೆ ಸಿನಿಮಾದವರಿಗೆ ಹಕ್ಕು ಕೊಡುವ ಮನಸ್ಸೇ ಇರಲಿಲ್ಲ. ಇಲ್ಲಿ ಹಳೆಯದೊಂದು ನಂಟು ಕೆಲಸಕ್ಕೆ ಬಂತು. 1924ರಲ್ಲಿ ಯುವಕರಾಗಿದ್ದ ಮೌಂಟ್‌ಬ್ಯಾಟನ್ ಪತ್ತೇದಾರಿ ಕಥೆಗೊಂದು ಹೊಸ ತಿರುವನ್ನು ಸೂಚಿಸಿ ಕ್ರಿಸ್ಟಿಗೆ ಪತ್ರ ಬರೆದಿದ್ದರು. ಅಂಥದೇ ತಿರುವು ಆಕೆಯ ಅತಿ ಪ್ರಸಿದ್ಧ ಕಾದಂಬರಿಯೊಂದರಲ್ಲಿ ಬಂತು. ಅಳಿಯನ ಪರವಾಗಿ ಅವರೇ ಮಾತಾಡಿದರು. ಹಕ್ಕು ಸಿಕ್ಕಿತು.

1974ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಸಿಡ್ನಿ ಲುಮೆಟ್ ನಿರ್ದೇಶನದ ಚಿತ್ರ. ಆಲ್ಬರ್ಟ್ ಫಿನಿ, ಶಾನ್ ಕಾನರಿ, ಲಾರೆನ್ ಬಕಾಲ್, ವನೆಸಾ ರೆಡ್‌ಗ್ರೇವ್, ಜಾನ್ ಗಿಲ್‌ಗುಡ್, ಇಂಗ್ರಿಡ್ ಬರ್ಗ್‌ಮನ್ ಎಲ್ಲರೂ ಒಂದೇ ರೈಲಿನಲ್ಲಿ. ಬರ್ಗ್‌ಮನ್‌ಗೆ ಆಸ್ಕರ್ ಬಂತು. ಲಂಡನ್ನಿನ ಮೊದಲ ಪ್ರದರ್ಶನಕ್ಕೆ ವಯೋವೃದ್ಧೆ ಕ್ರಿಸ್ಟಿ ಸ್ವತಃ ಬಂದು ಮೆಚ್ಚಿಕೊಂಡರು. ಪತ್ತೇದಾರ ಪ್ವಾರೋನ ಮೀಸೆ ಮಾತ್ರ ತಾನು ಬರೆದಷ್ಟು ಭರ್ಜರಿಯಾಗಿಲ್ಲ ಎಂಬುದು ಅವರ ತಕರಾರು.

ಅದರ ಬೆನ್ನಿಗೆ ‘ಡೆತ್ ಆನ್ ದಿ ನೈಲ್’ (1978), ‘ದಿ ಮಿರರ್ ಕ್ರ್ಯಾಕ್ಡ್’ (1980), ‘ಈವಿಲ್ ಅಂಡರ್ ದಿ ಸನ್’ (1982) ಬಂದವು. ಇವುಗಳಲ್ಲಿ ನೈಲ್ ಚಿತ್ರವೇ ಗಟ್ಟಿ, ಕೊನೆಯದು ಹಗುರ.

1979ರಲ್ಲಿ ಏನಾಯಿತು?

ಐರ್ಲೆಂಡಿನ ಸ್ಲೈಗೋ ಕೌಂಟಿಯ ಮುಲ್ಲಾಮೋರ್ ಎಂಬ ಮೀನುಗಾರರ ಊರಿನ ಬಳಿ ಕ್ಲಾಸಿಬಾನ್ ಎಂಬ ಮನೆಯಿತ್ತು. ಮೌಂಟ್‌ಬ್ಯಾಟನ್‌ರ ಪತ್ನಿಯ ಕಡೆಯಿಂದ ಬಂದದ್ದು. ಪ್ರತಿ ಆಗಸ್ಟಿಗೆ ಇಡೀ ಕುಟುಂಬ ಅಲ್ಲಿ ಸೇರುತ್ತಿತ್ತು. ಆಗಸ್ಟ್ 27ರ ಬೆಳಿಗ್ಗೆ ಏಳು ಜನ ‘ಶ್ಯಾಡೊ ಫೈವ್’ ಎಂಬ ಮರದ ದೋಣಿಯಲ್ಲಿ ಏಡಿ ಬಲೆ ನೋಡಲು ಹೊರಟರು: 79ರ ಮೌಂಟ್‌ಬ್ಯಾಟನ್, ಜಾನ್, ಪೆಟ್ರೀಷಿಯಾ, ಜಾನ್‌ರ 83 ವರ್ಷದ ತಾಯಿ ಡೊರೀನ್, 14ರ ಅವಳಿಗಳು, ಮತ್ತು ದೋಣಿ ನೋಡಿಕೊಳ್ಳುತ್ತಿದ್ದ 15ರ ಪಾಲ್ ಮ್ಯಾಕ್ಸ್‌ವೆಲ್. ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ದೋಣಿಯಲ್ಲಿ ಬಾಂಬ್ ಇಟ್ಟಿತ್ತು. ದಡದಿಂದ ಸ್ವಲ್ಪವೇ ದೂರದಲ್ಲಿ ಸಿಡಿಯಿತು.

ಮೌಂಟ್‌ಬ್ಯಾಟನ್, ನಿಕೊಲಸ್, ಪಾಲ್ ಸತ್ತರು. ಡೊರೀನ್ ಮರುದಿನ ತೀರಿಕೊಂಡರು. ಜಾನ್, ಪೆಟ್ರೀಷಿಯಾ, ಟಿಮೊಥಿ ತೀವ್ರ ಗಾಯಗಳೊಂದಿಗೆ ಬದುಕಿದರು. ಅದೇ ದಿನ ಉತ್ತರ ಐರ್ಲೆಂಡಿನ ವಾರನ್‌ಪಾಯಿಂಟ್‌ನಲ್ಲಿ ಐಆರ್‌ಎ ದಾಳಿಗೆ 18 ಬ್ರಿಟಿಷ್ ಸೈನಿಕರೂ ಸತ್ತರು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಜಾನ್, ಪೆಟ್ರೀಷಿಯಾ ತಮ್ಮ ಮಗನ ಅಂತ್ಯಕ್ರಿಯೆಗೆ ಹೋಗಲಾಗಲಿಲ್ಲ. ಜಾನ್ ಒಂದೇ ಸ್ಫೋಟದಲ್ಲಿ ತಾಯಿಯನ್ನೂ ಮಗನನ್ನೂ ಮಾವನನ್ನೂ ಕಳೆದುಕೊಂಡರು. ಸುದ್ದಿಯಲ್ಲಿ ಮೌಂಟ್‌ಬ್ಯಾಟನ್ ಹೆಸರಷ್ಟೇ ದೊಡ್ಡದಾಗಿ ಬಂತು. ಆ ದೋಣಿಯಲ್ಲಿ ಇಬ್ಬರು ಹುಡುಗರು ಸತ್ತರು, ಅವರಲ್ಲಿ ಒಬ್ಬ ರಜೆಯಲ್ಲಿ ಕೆಲಸಕ್ಕೆ ಬಂದಿದ್ದ ಐರಿಷ್ ಹುಡುಗ ಎಂಬುದನ್ನು ಈ ಕಥೆ ಹೇಳುವವರೆಲ್ಲ ಹೇಳಬೇಕು.

ಡೊರೀನ್ ಕೂಡ ಐರಿಷ್ ಕುಲೀನ ಮನೆತನದವರೇ ಆಗಿದ್ದರು. ಸ್ಲೈಗೋದ ಆರನೇ ಮಾರ್ಕ್ವಿಸ್‌ರ ಮಗಳು. ಮಗನ ಹೆಸರಿನಲ್ಲಿರುವ ‘ಯೂಲಿಕ್’ ತಾಯಿಯ ತವರಿನದು.

ಆಮೇಲೆ ಕುಟುಂಬ ಹೇಗೆ ಚೇತರಿಸಿಕೊಂಡಿತು?

ಜಾನ್ ಕೆಲಸಕ್ಕೆ ಮರಳಿದರು. ಮರುವರ್ಷವೇ ‘ದಿ ಮಿರರ್ ಕ್ರ್ಯಾಕ್ಡ್’ ಚಿತ್ರೀಕರಣ ನಡೆಯಿತು, ಅದರ ಹಳ್ಳಿ ದೃಶ್ಯಗಳು ತಮ್ಮದೇ ಕೆಂಟ್ ಕೌಂಟಿಯ ಸ್ಮಾರ್ಡನ್‌ನಲ್ಲಿ. ಪೆಟ್ರೀಷಿಯಾ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೆ ನೆರವಾಗುವ ಸಂಸ್ಥೆಗಳ ಜೊತೆ ಬದುಕಿನುದ್ದಕ್ಕೂ ದುಡಿದರು. ಟಿಮೊಥಿ ವರ್ಷಗಳ ನಂತರ ಮುಲ್ಲಾಮೋರ್‌ಗೆ ಮತ್ತೆ ಮತ್ತೆ ಹೋಗಿ, ಅಂದು ತಮ್ಮನ್ನು ನೀರಿನಿಂದ ಎತ್ತಿದವರನ್ನು ಭೇಟಿಯಾಗಿ, ಅವಳಿಯ ನೆನಪಿನಲ್ಲಿ 2009ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಸೇಡಿನ ದನಿ ಇಲ್ಲ.

‘ಎ ಪ್ಯಾಸೇಜ್ ಟು ಇಂಡಿಯಾ’ ಹಕ್ಕು ಸಿಗಲು ಅಷ್ಟೊಂದು ಕಾಲ ಏಕೆ ಬೇಕಾಯಿತು?

ಇ.ಎಂ. ಫಾರ್ಸ್ಟರ್‌ಗೆ ತಮ್ಮ ಕಾದಂಬರಿ ಸಿನಿಮಾ ಆಗುವುದು ಇಷ್ಟವಿರಲಿಲ್ಲ. ಸಿನಿಮಾದವರು ಇಂಗ್ಲಿಷರ ಪಕ್ಷವನ್ನೋ ಭಾರತೀಯರ ಪಕ್ಷವನ್ನೋ ಹಿಡಿದು ತಕ್ಕಡಿ ವಾಲಿಸುತ್ತಾರೆ ಎಂಬ ಭಯ ಅವರಿಗಿತ್ತು. ಸತ್ಯಜಿತ್ ರಾಯ್‌ಗೂ ಈ ಕಥೆಯ ಮೇಲೆ ಆಸೆಯಿತ್ತು. 1970ರಲ್ಲಿ ಫಾರ್ಸ್ಟರ್ ತೀರಿಕೊಂಡ ಮೇಲೆ ಹಕ್ಕು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿಗೆ ಹೋಯಿತು. ಅವರೂ ಹತ್ತು ವರ್ಷ ಯಾರಿಗೂ ಕೊಡಲಿಲ್ಲ; ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್, ನಿರ್ದೇಶಕ ಜೇಮ್ಸ್ ಐವರಿ ಜೋಡಿಯೂ ಬರಿಗೈಲಿ ಮರಳಿತು. ಸಿನಿಮಾಪ್ರೇಮಿಯಾಗಿದ್ದ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ ಹೊಣೆ ವಹಿಸಿಕೊಂಡ ಮೇಲೆ 1981ರಲ್ಲಿ ಹಕ್ಕು ಬ್ರೇಬೋರ್ನ್-ಗುಡ್ವಿನ್‌ಗೆ ಸಿಕ್ಕಿತು. ಬ್ರೇಬೋರ್ನ್ ಸುಮಾರು ಎರಡು ದಶಕ ಅದರ ಬೆನ್ನುಹತ್ತಿದ್ದರು.

ಆಮೇಲೆ ಡೇವಿಡ್ ಲೀನ್. 1970ರ ನಂತರ ಲೀನ್ ಒಂದೂ ಕಥಾಚಿತ್ರ ಮಾಡಿರಲಿಲ್ಲ. ಎಪ್ಪತ್ತು ದಾಟಿದ, ದಶಕದಿಂದ ಸುಮ್ಮನಿದ್ದ ನಿರ್ದೇಶಕರ ಮೇಲೆ ಹಣ ಹೂಡಲು ಕಂಪನಿಗಳು ಹಿಂದೇಟು ಹಾಕುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಬ್ರೇಬೋರ್ನ್ ಹೋದದ್ದು ಅವರ ಹತ್ತಿರವೇ. ಅವರ ಬದುಕಿನ ದೊಡ್ಡ ನಿರ್ಧಾರ ಅದು ಎಂದು ನಾನು ತಿಳಿದಿದ್ದೇನೆ.

ಇದರಲ್ಲಿ ಕನ್ನಡನಾಡಿನ ಲೇಖಕಿಯೊಬ್ಬರ ಪಾಲಿತ್ತು ಎನ್ನುತ್ತಾರಲ್ಲ?

ಶಾಂತಾ ರಾಮ ರಾವ್. ಮಂಗಳೂರು ಕಡೆಯ ಪ್ರಸಿದ್ಧ ಬೆನೆಗಲ್ ಮನೆತನದ ಮಗಳು. ತಂದೆ ಬೆನೆಗಲ್ ರಾಮ ರಾವ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು, ದೊಡ್ಡಪ್ಪ ಬಿ.ಎನ್. ರಾವ್ ಸಂವಿಧಾನ ಸಭೆಯ ಸಲಹೆಗಾರರು. ತಾಯಿ ಧನ್ವಂತಿ ಹುಬ್ಬಳ್ಳಿಯಲ್ಲಿ ಬೆಳೆದ ಕಾಶ್ಮೀರಿ ಪಂಡಿತರ ಮನೆಯವರು. ಫಾರ್ಸ್ಟರ್‌ರ ಕಾದಂಬರಿಯನ್ನು ನಾಟಕವಾಗಿಸಿ ಅವರಿಂದಲೇ ಶಹಬ್ಬಾಸ್ ಅನ್ನಿಸಿಕೊಂಡವರು ಶಾಂತಾ. ಆ ನಾಟಕ 1960ರಲ್ಲಿ ಆಕ್ಸ್‌ಫರ್ಡಿನಲ್ಲಿ ಶುರುವಾಗಿ ಲಂಡನ್ನಿಗೆ, ಅಲ್ಲಿಂದ ಬ್ರಾಡ್‌ವೇಗೆ ಹೋಯಿತು.

ಚಿತ್ರಕಥೆಯನ್ನೂ ಅವರೇ ಬರೆಯಬೇಕೆಂಬುದು ಒಪ್ಪಂದದಲ್ಲಿತ್ತು. ಬರೆದರು ಕೂಡ. ಲೀನ್‌ಗೆ ಅದು ಹಿಡಿಸಲಿಲ್ಲ, ತಾವೇ ಹೊಸದಾಗಿ ಬರೆದರು. ತೆರೆಯ ಮೇಲೆ ಶಾಂತಾ ರಾಮ ರಾವ್‌ರ ನಾಟಕಕ್ಕೆ ಮನ್ನಣೆ ಇದೆ. ಆ ನಾಟಕ ಇಲ್ಲದಿದ್ದರೆ ಈ ಕಾದಂಬರಿಯನ್ನು ಆಡಿ ತೋರಿಸಬಹುದು ಎಂಬ ಧೈರ್ಯ ಯಾರಿಗೂ ಬರುತ್ತಿರಲಿಲ್ಲವೇನೋ.

ಬಿಹಾರದ ಗುಹೆಗಳನ್ನು ಬಿಟ್ಟು ಸಾವನದುರ್ಗಕ್ಕೆ ಏಕೆ ಬಂದರು?

ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಗಯಾ ಹತ್ತಿರದ ಬರಾಬರ್ ಗುಹೆಗಳು. ಅಶೋಕನ ಕಾಲದಲ್ಲಿ ಆಜೀವಕ ಸನ್ಯಾಸಿಗಳಿಗಾಗಿ ಕೊರೆಸಿದವು. ಲೀನ್ ಹೋಗಿ ನೋಡಿದರು. ಬೆಟ್ಟಗಳು ಅವರ ಕಣ್ಣಿಗೆ ಚಪ್ಪಟೆಯಾಗಿ ಕಂಡವು, ಸುತ್ತ ಡಕಾಯಿತರ ಭಯವೂ ಇತ್ತು. ಬೆಂಗಳೂರಿನ ಆಸುಪಾಸಿನ ಬಂಡೆಬೆಟ್ಟಗಳು ಅವರಿಗೆ ಬೇಕಾದ ಎತ್ತರ, ಬೇಕಾದ ಭೀತಿ ಎರಡನ್ನೂ ಕೊಟ್ಟವು.

ಸಾವನದುರ್ಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಗಡಿ ದಾರಿಯಲ್ಲಿ ಬರುವಾಗ ಮರಗಳ ಮೇಲಿಂದ ಒಂದೇ ಬಂಡೆ ಏಳುತ್ತದೆ, ಸಮುದ್ರಮಟ್ಟದಿಂದ 1226 ಮೀಟರ್. ಮಳೆನೀರು ಇಳಿದ ಕಪ್ಪು ಗೆರೆಗಳು ನೆತ್ತಿಯಿಂದ ಬುಡದವರೆಗೆ. ಬುಡದಲ್ಲಿ ವೀರಭದ್ರ, ನರಸಿಂಹ ದೇವಸ್ಥಾನಗಳು, ಮೇಲೆ ಹಳೆಯ ಕೋಟೆಯ ಗೋಡೆಗಳು. ಚಿತ್ರದಲ್ಲಿ ಬಣ್ಣ ಬಳಿದ ಆನೆಯ ಮೇಲೆ ಪಿಕ್‌ನಿಕ್ಕಿಗೆ ಹೊರಟವರ ಹಿಂದೆ ಕಾಣುವ ಬೆತ್ತಲೆ ಬಂಡೆ ಇಂಥದೇ. ಗುಹೆಗಳು ಮಾತ್ರ ಇಲ್ಲಿ ಮೊದಲೇ ಇದ್ದವಲ್ಲ. ಚಿತ್ರತಂಡ ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿತು. ರಾಮನಗರದ ರಾಮದೇವರಬೆಟ್ಟವನ್ನೂ ಬಳಸಿಕೊಂಡರು. ‘ಶೋಲೆ’ ತಂಡ ಅಲ್ಲಿಂದ ಹೋಗಿ ಆಗ ಹತ್ತು ವರ್ಷವೂ ಕಳೆದಿರಲಿಲ್ಲ.

ಬೆಂಗಳೂರು ಅರಮನೆಯ ಮೈದಾನದಲ್ಲಿ ಕಾದಂಬರಿಯ ಚಂದ್ರಾಪುರದ ಇಡೀ ಬಜಾರ್ ಎದ್ದಿತು. ರೈಲಿನ ದೃಶ್ಯಗಳಿಗೆ ನೀಲಗಿರಿಯ ಪುಟಾಣಿ ರೈಲು. 1983ರ ಕೊನೆಯಿಂದ ತಿಂಗಳುಗಟ್ಟಲೆ ಕೆಲಸ ನಡೆಯಿತು.

ಆಸ್ಕರ್ ಬಂತೇ?

1984ರ ಕೊನೆಗೆ ಚಿತ್ರ ತೆರೆಕಂಡಿತು. 11 ನಾಮನಿರ್ದೇಶನ, ಎರಡು ಪ್ರಶಸ್ತಿ: ಮಿಸೆಸ್ ಮೂರ್ ಪಾತ್ರದ ಪೆಗಿ ಆಶ್‌ಕ್ರಾಫ್ಟ್‌ಗೆ, ಸಂಗೀತಕ್ಕಾಗಿ ಮಾರಿಸ್ ಜಾರ್‌ಗೆ. ಶ್ರೇಷ್ಠ ಚಿತ್ರದ ಪಟ್ಟಿಯಲ್ಲಿ ಬ್ರೇಬೋರ್ನ್, ಗುಡ್ವಿನ್ ಹೆಸರಿತ್ತು. ಆ ವರ್ಷ ‘ಅಮಾಡಿಯಸ್’ ಗೆದ್ದಿತು. ಅಲೆಕ್ ಗಿನ್ನೆಸ್‌ರಂಥ ಬಿಳಿಯ ನಟನಿಗೆ ಪ್ರೊಫೆಸರ್ ಗೋಡ್‌ಬೋಲೆ ಪಾತ್ರ ಕೊಟ್ಟದ್ದು ಅಂದೂ ತಪ್ಪು, ಇಂದೂ ತಪ್ಪು. ಪಕ್ಕದಲ್ಲೇ ವಿಕ್ಟರ್ ಬ್ಯಾನರ್ಜಿ, ರೋಶನ್ ಸೇಠ್, ಸಯೀದ್ ಜಾಫ್ರಿಯಂಥವರು ನಟಿಸುತ್ತಿದ್ದುದರಿಂದ ಅದು ಇನ್ನಷ್ಟು ಎದ್ದು ಕಾಣುತ್ತದೆ. ಲೀನ್‌ರ ಕೊನೆಯ ಚಿತ್ರ ಇದೇ ಆಯಿತು.

ಟಿವಿಯಲ್ಲೂ ಕೆಲಸ ಮಾಡಿದ್ದರೇ?

ಥೇಮ್ಸ್ ಟೆಲಿವಿಷನ್ ಕಂಪನಿಯ ನಿರ್ದೇಶಕರಾಗಿ, 1990ರಿಂದ ಅಧ್ಯಕ್ಷರಾಗಿದ್ದರು. ಅದಕ್ಕಿಂತ ದೊಡ್ಡ ಪರಿಣಾಮ ಬೀರಿದ್ದು 1969ರ ‘ರಾಯಲ್ ಫ್ಯಾಮಿಲಿ’ ಸಾಕ್ಷ್ಯಚಿತ್ರ. ರಾಣಿಯ ಮನೆಯೊಳಗಿನ ದಿನನಿತ್ಯವನ್ನು ಕ್ಯಾಮೆರಾಕ್ಕೆ ತೆರೆದಿಡುವ ವಿಚಾರವನ್ನು ಅರಮನೆಗೆ ಒಪ್ಪಿಸಿದವರಲ್ಲಿ ಬ್ರೇಬೋರ್ನ್ ಮುಖ್ಯರು. ಕೋಟ್ಯಂತರ ಜನ ನೋಡಿದರು. ಕೆಲವು ವರ್ಷಗಳ ನಂತರ ಅರಮನೆ ಅದನ್ನು ಪ್ರಸಾರದಿಂದ ಹಿಂತೆಗೆದುಕೊಂಡಿತು.

ಕೊನೆಯ ವರ್ಷಗಳು? ಬಿರುದು ಈಗ ಯಾರ ಬಳಿ ಇದೆ?

ಡಿಕನ್ಸ್ ಕಾದಂಬರಿ ಆಧರಿಸಿದ ಆರು ಗಂಟೆಯ ‘ಲಿಟಲ್ ಡೋರಿಟ್’ (1987) ಗುಡ್ವಿನ್ ಜೊತೆಗಿನ ಕೊನೆಯ ದೊಡ್ಡ ಕೆಲಸ. ನಿರ್ದೇಶಕಿ ಗುಡ್ವಿನ್‌ರ ಪತ್ನಿ ಕ್ರಿಸ್ಟೀನ್ ಎಡ್ಜಾರ್ಡ್. 1993ರಲ್ಲಿ ಬ್ರಿಟಿಷ್ ಸರ್ಕಾರದ ಸಿಬಿಇ ಗೌರವ ಬಂತು. 2005ರಲ್ಲಿ, 80ನೇ ವಯಸ್ಸಿನಲ್ಲಿ, ತೀರಿಕೊಂಡರು.

ಮೌಂಟ್‌ಬ್ಯಾಟನ್‌ಗೆ ಗಂಡುಮಕ್ಕಳಿರಲಿಲ್ಲ. ಅವರ ಅರ್ಲ್ ಪದವಿ (ಬ್ಯಾರನ್‌ಗಿಂತ ಮೇಲಿನ ಬಿರುದು; ಹೆಣ್ಣಾದರೆ ಕೌಂಟೆಸ್) ಮಗಳಿಗೆ ಹೋಗುವಂತೆ ವಿಶೇಷ ಏರ್ಪಾಡಿತ್ತು, ಹಾಗಾಗಿ 1979ರಲ್ಲಿ ಪೆಟ್ರೀಷಿಯಾ ಕೌಂಟೆಸ್ ಮೌಂಟ್‌ಬ್ಯಾಟನ್ ಆದರು. ಗಂಡ, ಹೆಂಡತಿ ಇಬ್ಬರಿಗೂ ಸ್ವಂತ ಹಕ್ಕಿನ ಬಿರುದಿದ್ದ ಅಪರೂಪದ ಜೋಡಿ. ತಂದೆ ತೀರಿಕೊಂಡಾಗ, 2005ರಲ್ಲೇ, ಹಿರಿಯ ಮಗ ನಾರ್ಟನ್‌ಗೆ ಬ್ಯಾರನ್ ಬಿರುದು ಬಂದಿತ್ತು; 2017ರ ಜೂನ್‌ನಲ್ಲಿ ತಾಯಿಯೂ ತೀರಿಕೊಂಡ ಮೇಲೆ ಅರ್ಲ್ ಪದವಿಯೂ ಸೇರಿತು.

ಅವರ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕು?

‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನಿಂದ ಶುರುಮಾಡಿ, 2017ರಲ್ಲಿ ಬಂದದ್ದಲ್ಲ, 1974ರದ್ದು. ಆಮೇಲೆ ‘ಎ ಪ್ಯಾಸೇಜ್ ಟು ಇಂಡಿಯಾ’. ಅದನ್ನು ಫೋನಿನಲ್ಲಿ ನೋಡಬೇಡಿ, ಸಿಗುವ ದೊಡ್ಡ ಪರದೆಯಲ್ಲೇ ನೋಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಿಯಾಟ್ರಿಕ್ಸ್ ಪಾಟರ್ ಚಿತ್ರ ಹಾಕಿ. ಅದರಲ್ಲಿ ಮಾತೇ ಇಲ್ಲದ್ದರಿಂದ ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯೂ ಜೊತೆಗೆ ಕೂತು ನೋಡಬಹುದು.